ವಿಷಯ ಇದೆ, ಪ್ರಶ್ನೆ ಎಲ್ಲಿ?

ಹೋದ ತಿಂಗಳು ಒಂದು ಭಾನುವಾರ ಅಕ್ಕನ ಮಗಳು ಹಾಸ್ಟೆಲಿನಿಂದ ಮನೆಗೆ ಬಂದಿದ್ದಳು. ಮಂಡ್ಯದ ಹುಡುಗಿ, ಮೈಸೂರಲ್ಲಿ ಎಂ.ಕಾಂ. ಕೊನೇ ವರ್ಷ. ಬಂದವಳೇ ಬ್ಯಾಗಿನಿಂದ ಒಂದು ಹಾಳೆ ತೆಗೆದು ಊಟದ ಮೇಜಿನ ಮೇಲೆ ಇಟ್ಟಳು. ‘ಮಂಡ್ಯ ಜಿಲ್ಲೆಯ ಬೆಲ್ಲದ ಉದ್ಯಮ: ಒಂದು ಅಧ್ಯಯನ’ ಅಂತ ದಪ್ಪಕ್ಷರದಲ್ಲಿ ಟೈಪಾಗಿತ್ತು. ಅದರ ಕೆಳಗೆ ಅವಳ ಪ್ರಾಜೆಕ್ಟಿಗೆ ದಾರಿ ತೋರಿಸುವ ಮೇಷ್ಟ್ರು, ಅಂದರೆ ಗೈಡ್, ಕೆಂಪು ಪೆನ್ನಿನಲ್ಲಿ ಮೂರೇ ಪದ ಬರೆದಿದ್ದರು. ‘ಇದರಲ್ಲಿ ಪ್ರಶ್ನೆ ಎಲ್ಲಿದೆ?’

‘ಒಂದು ಅಧ್ಯಯನ ಅಂತ ಹಾಕಿದ್ದೀನಲ್ಲ ಮಾಮ, ಇನ್ನೇನು ಪ್ರಶ್ನೆ ಬೇಕಂತೆ?’ ಅಂದಳು.

ನಾನು ಮೇಷ್ಟ್ರಲ್ಲ. ಸರಸ್ವತಿಪುರಂನಲ್ಲಿ ನನ್ನದೊಂದು ಡಿಟಿಪಿ ಅಂಗಡಿ. ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿ ಹತ್ತಿರವೇ ಇರುವುದರಿಂದ ಪ್ರಾಜೆಕ್ಟು, ಪಿಎಚ್.ಡಿ. ಪ್ರಬಂಧ ಎಲ್ಲವೂ ಟೈಪಿಂಗಿಗೆ, ಬೈಂಡಿಂಗಿಗೆ ಬರುತ್ತವೆ. ಕಾಮರ್ಸು, ಕನ್ನಡ, ರಾಜ್ಯಶಾಸ್ತ್ರ, ನರ್ಸಿಂಗು, ಸಮಾಜಶಾಸ್ತ್ರ, ಎಲ್ಲಾ ಒಂದೇ ಮೇಜಿನ ಮೇಲೆ. ಟೈಪ್ ಮಾಡುವವನು ಓದದೇ ಇರೋಕಾಗುತ್ತಾ? ಓದಿ ಓದಿ ಒಂದು ಗೊತ್ತಾಗಿದೆ. ಒಳ್ಳೆಯ ಪ್ರಬಂಧ ಮೊದಲ ಐದು ಪುಟದೊಳಗೇ ಏನನ್ನೋ ಕೇಳಿರುತ್ತದೆ. ಮಿಕ್ಕವು ರೆಕ್ಸಿನ್ ರಟ್ಟಿನ ಮೇಲೆ ಚಿನ್ನದ ಅಕ್ಷರ ಹಾಕಿಸಿಕೊಂಡು ಹೋಗುತ್ತವೆ, ಅಷ್ಟೇ.

ಈಗ ಇದು ಕಾಲೇಜಿನ ಕಾಂಪೌಂಡ್ ದಾಟಿ ಮನೆಮನೆಗೂ ಬಂದಿರುವ ವಿಷಯ. ಮಗಳು ‘ಸಿನಾಪ್ಸಿಸ್ ವಾಪಸ್ ಬಂತು’ ಅಂದರೆ ಅಪ್ಪ ಅಮ್ಮನಿಗೆ ಫೇಲಾದಳೇನೋ ಅನ್ನಿಸುತ್ತದೆ. ಸಿನಾಪ್ಸಿಸ್ ಅಂದರೆ ಏನು ಮಾಡುತ್ತೇನೆ, ಹೇಗೆ ಮಾಡುತ್ತೇನೆ ಅಂತ ಮೊದಲೇ ಬರೆದುಕೊಡುವ ಚೀಟಿ. ಇನ್ನೊಂದು ಕಡೆ ವಾಟ್ಸಾಪಿನಲ್ಲಿ ದಿನಕ್ಕೊಂದು ‘ಅಧ್ಯಯನದ ಪ್ರಕಾರ’ ಬರುತ್ತಿರುತ್ತದೆ. ಎರಡರ ಬುಡವೂ ಒಂದೇ. ಏನು ಕೇಳಿದ್ದರು ಅಂತ ಗೊತ್ತಾದರೆ, ಬಂದ ಉತ್ತರ ಎಷ್ಟು ದೂರ ನಂಬಬಹುದು ಅನ್ನುವುದೂ ಗೊತ್ತಾಗುತ್ತದೆ.

ಸಂತೆಗೆ ಹೋಗೋದು ಸರಿ, ತರೋದೇನು?

‘ಬೆಲ್ಲದ ಉದ್ಯಮ’ ಅನ್ನುವುದು ವಿಷಯ. ಸಂತೆಗೆ ಹೊರಟಿದ್ದೀನಿ ಅಂದ ಹಾಗೆ. ಸರಿ, ಏನು ತರ್ತೀಯ ಅಂತ ಮನೆಯವರು ಕೇಳಿದರೆ ಉತ್ತರ ಇಲ್ಲ. ಅಲ್ಲಿ ಎಲ್ಲವೂ ಇದೆ, ಅಚ್ಚು ಬೆಲ್ಲ, ಬಕೆಟ್ ಬೆಲ್ಲ, ಮಂಡ್ಯದ ಮಾರ್ಕೆಟ್ಟು, ಕಬ್ಬಿನ ತಳಿ, ಆಳಿನ ಕೂಲಿ. ಎಲ್ಲದರ ಬಗ್ಗೆಯೂ ಸ್ವಲ್ಪ ಸ್ವಲ್ಪ ಬರೆದರೆ ನೂರು ಪುಟ ಆರಾಮಾಗಿ ತುಂಬುತ್ತದೆ. ಓದಿದವರಿಗೆ ಹೊಸದೇನೂ ಸಿಗುವುದಿಲ್ಲ.

ಪ್ರಶ್ನೆ ಅಂದರೆ ಇದು: ಸಕ್ಕರೆ ಕಾರ್ಖಾನೆ ಹತ್ತಿರವೇ ಇದ್ದರೂ ಕೆಲವು ರೈತರು ಕಬ್ಬನ್ನು ಬೆಲ್ಲ ಮಾಡುವ ಆಲೆಮನೆಗೆ ಯಾಕೆ ಹಾಕುತ್ತಾರೆ?

ಈಗ ಹುಡುಕುವುದಕ್ಕೆ ಒಂದು ದಾರಿ ಸಿಕ್ಕಿತು. ಕೂತು ಯೋಚಿಸಿದರೆ ಮೂರು ನಾಲ್ಕು ಕಾರಣ ಹೊಳೆಯುತ್ತವೆ. ರೇಟು ಜಾಸ್ತಿ ಇರಬಹುದು. ಕಟಾವಿನ ಸರದಿಗೆ ಕಾಯಬೇಕಾಗಿಲ್ಲದೇ ಇರಬಹುದು. ದುಡ್ಡು ಬೇಗ ಕೈಗೆ ಬರಬಹುದು. ಕಬ್ಬು ಕೊಟ್ಟ 14 ದಿನದೊಳಗೆ ಕಾರ್ಖಾನೆ ಹಣ ಕೊಡಬೇಕು ಅಂತ 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಆದರೆ ಮದುವೆ, ಸ್ಕೂಲ್ ಫೀಸು 14 ದಿನ ಕಾಯುತ್ತವೆಯೇ?

ಹೀಗೆ ‘ಇದೇ ಕಾರಣ ಇರಬಹುದು’ ಅಂತ ಮೊದಲೇ ಆಡುವ ಮಾತಿಗೆ ಪುಸ್ತಕದಲ್ಲಿ ಪ್ರಾಕ್ಕಲ್ಪನೆ ಅನ್ನುತ್ತಾರೆ. ದೊಡ್ಡ ಪದಕ್ಕೆ ಹೆದರಬೇಡಿ, ಊಹೆ ಅಷ್ಟೇ. ಸುಮ್ನೆ ಊಹಿಸುವುದಕ್ಕೂ ಇದಕ್ಕೂ ಒಂದೇ ವ್ಯತ್ಯಾಸ. ಈ ಊಹೆ ಸುಳ್ಳಾಗಿದ್ದರೆ ಏನು ಕಾಣಬೇಕು ಅಂತಲೂ ಮೊದಲೇ ಹೇಳಿಬಿಡಬೇಕು. ಕೈದುಡ್ಡಿನ ಅವಸರವೇ ಕಾರಣ ಆಗಿದ್ದರೆ, ಡೈರಿಗೆ ಹಾಲು ಹಾಕಿ ಬಟವಾಡೆ ತಗೊಳ್ಳುವ ಮನೆಗಳು ಆಲೆಮನೆಗೆ ಕಡಿಮೆ ಹೋಗಬೇಕು. ಅವರೂ ಅಷ್ಟೇ ಹೋಗುತ್ತಿದ್ದರೆ ಊಹೆ ಬಿದ್ದುಹೋಯಿತು. ಬೀಳುವ ಅವಕಾಶವೇ ಇಲ್ಲದ ಊಹೆ ಜಾತಕದ ಭವಿಷ್ಯದ ಹಾಗೆ. ಏನೇ ಆದರೂ ‘ನಾನು ಹೇಳಿರಲಿಲ್ವಾ’ ಅನ್ನಬಹುದು.

ಇಷ್ಟು ಹೇಳಿದ ಮೇಲೂ ಹುಡುಗಿ ಮುಖ ಗಂಟು ಹಾಕಿಕೊಂಡೇ ಇದ್ದಳು. ‘ಕಾಮರ್ಸಿಗೆ ಸರಿ ಮಾಮ. ರೂಂಮೇಟು ಕನ್ನಡ ಎಂ.ಎ., ಅವಳು ಏನಂತ ಕೇಳ್ಬೇಕು?’ ಅಂದಳು. ಉತ್ತರಕ್ಕೆ ದೂರ ಹೋಗಬೇಕಾಗಿಲ್ಲ. ಪ್ರಪಂಚವೆಲ್ಲ ಓದಿದ ಕೆಲವು ಪ್ರಶ್ನೆಗಳು ನಮ್ಮ ಮೈಸೂರು ಮಂಡ್ಯದಲ್ಲೇ ಹುಟ್ಟಿವೆ.

ಒಂದು ನಾಲೆ, ಎರಡು ಊರು

1954ರಲ್ಲಿ ಸ್ಕಾರ್ಲೆಟ್ ಎಪ್‌ಸ್ಟೈನ್ ಅನ್ನುವ ಸಂಶೋಧಕಿ ಇಂಗ್ಲೆಂಡಿನಿಂದ ಮಂಡ್ಯ ಜಿಲ್ಲೆಗೆ ಬಂದರು. ಆ ಹೊತ್ತಿಗೆ ಕನ್ನಂಬಾಡಿ ಕಟ್ಟೆಯ ನೀರು ನಾಲೆಗಳಲ್ಲಿ ಹರಿದು, ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಶುರುವಾಗಿ ಎರಡು ದಶಕ ಆಗಿತ್ತು. ನೀರು ಬಂದರೆ ಊರು ಬದಲಾಗುತ್ತದಾ? ಇದು ಅವರ ಪ್ರಶ್ನೆ.

ನಾವಾಗಿದ್ದರೆ ನೀರು ಬಂದ ಊರಿಗೆ ಹೋಗಿ ನೋಡಿಕೊಂಡು ಬರುತ್ತಿದ್ದೆವು. ಅವರು ಎರಡು ಊರು ಆರಿಸಿಕೊಂಡರು. ಒಂದಕ್ಕೆ ನಾಲೆ ನೀರು ಸಿಕ್ಕಿತ್ತು. ಇನ್ನೊಂದರ ಜಮೀನು ನಾಲೆಗಿಂತ ಎತ್ತರದಲ್ಲಿತ್ತು, ಹಾಗಾಗಿ ಅದು ಒಣ ಬೇಸಾಯದ ಊರಾಗಿಯೇ ಉಳಿದಿತ್ತು. ಮಾತು, ಜಾತಿ, ಹಬ್ಬ, ಊಟ ಹೆಚ್ಚುಕಡಿಮೆ ಎರಡೂ ಕಡೆ ಒಂದೇ. ಬೇರೆ ಇದ್ದದ್ದು ನೀರು. ಉಪ್ಪು ಏನು ಮಾಡುತ್ತದೆ ಅಂತ ತಿಳಿಯಬೇಕಾದರೆ ಒಂದೇ ಸಾರನ್ನು ಎರಡು ಬಟ್ಟಲಿಗೆ ಬಡಿಸಿ ಒಂದಕ್ಕೆ ಮಾತ್ರ ಉಪ್ಪು ಹಾಕಬೇಕಲ್ವಾ, ಹಾಗೆ. ಹೋಲಿಕೆ ಅನ್ನುವುದು ಇದೇ. ಎರಡರ ನಡುವೆ ಬದಲಾಗುತ್ತಿರುವ ಆ ಒಂದು ಅಂಶಕ್ಕೆ, ಇಲ್ಲಿ ನೀರಿಗೆ, ವೇರಿಯಬಲ್ ಅಂತ ಹೆಸರು.

ಉತ್ತರ ತಲೆಕೆಳಗಾಗಿ ಬಂತು. ನೀರು ಬಂದ ಊರಿನಲ್ಲಿ ಭತ್ತ, ಕಬ್ಬು ಬೆಳೆದರು, ದುಡ್ಡು ಬಂತು. ಆದರೆ ಜಮೀನಿದ್ದವರು ಮತ್ತು ವಂಶಪಾರಂಪರ್ಯವಾಗಿ ಅವರ ಹೊಲದಲ್ಲಿ ದುಡಿಯುತ್ತಿದ್ದವರ ಸಂಬಂಧ ಹೆಚ್ಚು ಬದಲಾಗಲಿಲ್ಲ. ಬೇಸಾಯವೇ ಮುಂದುವರಿದಿತ್ತು, ಆಳು ಬೇಕೇ ಬೇಕಿತ್ತು. ನೀರು ಸಿಗದ ಊರಿನವರು ಸುಮ್ಮನೆ ಕೂರಲಿಲ್ಲ. ಮಂಡ್ಯಕ್ಕೆ ಕೆಲಸಕ್ಕೆ ಹೋದರು, ವ್ಯಾಪಾರ ಮಾಡಿದರು, ನೀರಾವರಿ ಇರುವ ಪಕ್ಕದ ಊರುಗಳಲ್ಲಿ ಜಮೀನು ಕೊಂಡರು. ಹೊರಗಿನ ಸಂಪಾದನೆ ಹೆಚ್ಚಿದ ಹಾಗೆ ಊರೊಳಗಿನ ಹಳೇ ಕಟ್ಟು ಸಡಿಲವಾಯಿತು. ಅಂದರೆ, ಹೆಚ್ಚು ಬದಲಾದದ್ದು ನೀರು ಬಾರದ ಊರು. ಒಂದೇ ಊರಿಗೆ ಹೋಗಿ ಬಂದಿದ್ದರೆ ಇದು ಕಾಣುತ್ತಲೇ ಇರಲಿಲ್ಲ. ಉತ್ತರ ಹಾಗೇ ನಿಂತಿದೆಯಾ ಅಂತ ನೋಡುವುದಕ್ಕೆ ಅವರು 1970ರಲ್ಲಿ ಮತ್ತೆ ಬಂದರು.

ಆ ಊರುಗಳ ಹೆಸರು ಪುಸ್ತಕದಲ್ಲಿ ವಾಂಗಲ, ದಲೇನ ಅಂತಿದೆ. ಮಂಡ್ಯದ ನಕಾಶೆಯಲ್ಲಿ ಹುಡುಕಬೇಡಿ, ಸಿಗುವುದಿಲ್ಲ. ನಂಬಿ ಮನೆಯೊಳಗೆ ಕರೆದವರ ಸಾಲ, ಜಗಳ, ಜಾತಿ ವಿಷಯ ಬರೆಯುವಾಗ ಊರಿನ ಹೆಸರು ಮರೆಮಾಡುವುದು ಈ ಕೆಲಸದ ಮರ್ಯಾದೆ. ಮೈಸೂರಿನವರೇ ಆದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಹತ್ತಿರದ ಹಳ್ಳಿಯೊಂದರಲ್ಲಿ ಇದ್ದು ಅಧ್ಯಯನ ಮಾಡಿದರು. ಅದಕ್ಕೂ ರಾಂಪುರ ಅಂತ ಬೇರೆ ಹೆಸರಿಟ್ಟರು. ವರ್ಷಗಟ್ಟಲೆ ಕೂತು ತಿದ್ದಿಟ್ಟಿದ್ದ ಟಿಪ್ಪಣಿಗಳ ಮೂರೂ ಪ್ರತಿ 1970ರ ಏಪ್ರಿಲ್‌ನಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಯಾರೋ ಹಚ್ಚಿದ ಬೆಂಕಿಗೆ ಸಿಕ್ಕಿದವು. ಆಮೇಲೆ ನೆನಪಿನಿಂದಲೇ ಆ ಹಳ್ಳಿಯ ಬಗ್ಗೆ ಬರೆದರು, ಪುಸ್ತಕ 1976ರಲ್ಲಿ ಬಂತು. ಪೆನ್‌ಡ್ರೈವ್ ಕಳೆದುಹೋಯ್ತು ಅಂತ ಅಂಗಡಿಗೆ ಬಂದು ಅಳುವ ಹುಡುಗರಿಗೆ ನಾನು ಹೇಳುವ ಕಥೆ ಇದು. ಮೂರು ಪ್ರತಿ ಇದ್ದರೆ ಸಾಲದು, ಮೂರು ಜಾಗದಲ್ಲಿ ಇರಬೇಕು.

ಮಿಷನ್ ಆಸ್ಪತ್ರೆಯ ಹಳೇ ರಿಜಿಸ್ಟರು

ಆರೋಗ್ಯದ ಪ್ರಶ್ನೆಗೆ ಬರೋಣ. ಮಂಡಿ ಮೊಹಲ್ಲಾದ ಹೋಲ್ಡ್ಸ್‌ವರ್ತ್ ಆಸ್ಪತ್ರೆ ನಮ್ಮ ಬಾಯಲ್ಲಿ ಮಿಷನ್ ಆಸ್ಪತ್ರೆ. ಅಲ್ಲಿ 1934ರಿಂದಲೇ ಹುಟ್ಟಿದ ಮಗುವಿನ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಹೆರಿಗೆ ದಾಖಲೆಯಲ್ಲಿ ಬರೆದಿಡುತ್ತಿದ್ದರು. ಮುಂದೊಂದು ದಿನ ಇದು ಯಾರಿಗಾದರೂ ಬೇಕಾದೀತು ಅಂತ ಬರೆದ ನರ್ಸಮ್ಮನಿಗೆ ಅನ್ನಿಸಿರಲಿಕ್ಕಿಲ್ಲ.

ಎಷ್ಟೋ ವರ್ಷ ಆದ ಮೇಲೆ, 1980ರ ದಶಕದ ಕೊನೆಯ ಹೊತ್ತಿಗೆ, ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ ಡೇವಿಡ್ ಬಾರ್ಕರ್ ಅನ್ನುವ ವೈದ್ಯರು ಒಂದು ವಿಚಿತ್ರವಾದ ಮಾತು ಹೇಳುತ್ತಿದ್ದರು. ದೊಡ್ಡವರಾದ ಮೇಲೆ ಬರುವ ಹೃದಯದ ಕಾಯಿಲೆಗೆ ತಾಯಿಯ ಹೊಟ್ಟೆಯಲ್ಲಿದ್ದಾಗಿನ ಬೆಳವಣಿಗೆಯ ಜೊತೆ ಸಂಬಂಧ ಇದೆ ಅಂತ. ಭಾರತದಲ್ಲೂ ಇದು ನಿಜವೇ? ಮೈಸೂರಿನ ರಿಜಿಸ್ಟರಿನಿಂದ ಹೆಸರು ಹಿಡಿದು, 1934ರಿಂದ 1954ರ ನಡುವೆ ಹುಟ್ಟಿ ಇನ್ನೂ ಆಸ್ಪತ್ರೆಯ ಸುತ್ತಮುತ್ತ ಇದ್ದ 517 ಜನರನ್ನು ಹುಡುಕಿ ಪರೀಕ್ಷೆ ಮಾಡಿದರು. 1996ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಫಲಿತಾಂಶ ಬಂತು. ಎರಡೂವರೆ ಕೆ.ಜಿ. ಅಥವಾ ಅದಕ್ಕಿಂತ ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಶೇ 11 ಜನಕ್ಕೆ ಹೃದಯದ ರಕ್ತನಾಳದ ಕಾಯಿಲೆ ಇತ್ತು. 3.1 ಕೆ.ಜಿ. ಮತ್ತು ಮೇಲ್ಪಟ್ಟವರಲ್ಲಿ ಶೇ 3. ವಯಸ್ಸು 45 ದಾಟಿದವರಲ್ಲಿ ಈ ಅಂತರ ಇನ್ನೂ ಸ್ಪಷ್ಟವಾಗಿತ್ತು.

ಇದೇ ಸುದ್ದಿ ವಾಟ್ಸಾಪಿಗೆ ಬಂದರೆ ಹೇಗಿರುತ್ತದೆ? ‘ಕಡಿಮೆ ತೂಕದ ಮಗುವೇ? ಹಾರ್ಟ್ ಅಟ್ಯಾಕ್ ಅಪಾಯ ಮೂರು ಪಟ್ಟಿಗೂ ಜಾಸ್ತಿ!’ ಲೆಕ್ಕ ಸುಳ್ಳಲ್ಲ. 3ಕ್ಕೆ 11 ಮೂರು ಪಟ್ಟಿಗೂ ಜಾಸ್ತಿಯೇ. ಆದರೆ ಅದೇ ಲೆಕ್ಕವನ್ನು ಇನ್ನೊಂದು ಕಡೆಯಿಂದ ಓದಿ. ಸಣ್ಣಗೆ ಹುಟ್ಟಿದ ನೂರು ಜನರಲ್ಲಿ 89 ಜನಕ್ಕೆ ಆ ಕಾಯಿಲೆ ಕಾಣಲಿಲ್ಲ. ಎಷ್ಟು ಪಟ್ಟು ಅಂತ ಯಾರಾದರೂ ಹೇಳಿದಾಗ, ಎಷ್ಟರಿಂದ ಎಷ್ಟಕ್ಕೆ ಅಂತ ಕೇಳಬೇಕು. ನೂರಕ್ಕೆ ಮೂರಿದ್ದದ್ದು ಹನ್ನೊಂದಾಗುವುದೂ, ಲಕ್ಷಕ್ಕೆ ಮೂರಿದ್ದದ್ದು ಹನ್ನೊಂದಾಗುವುದೂ ಪಟ್ಟಿನ ಲೆಕ್ಕದಲ್ಲಿ ಒಂದೇ. ಮನೆಯಲ್ಲಿ ಮಗು ಇರುವವರಿಗೆ ಒಂದೇ ಅಲ್ಲ.

ಇನ್ನೊಂದು ಸೂಕ್ಷ್ಮ. ‘ಸಂಬಂಧ ಇದೆ’ ಅಂದರೆ ‘ಅದರಿಂದಲೇ ಇದು ಆಯಿತು’ ಅಂತಲ್ಲ. ಕಡಿಮೆ ತೂಕದಲ್ಲಿ ಹುಟ್ಟಿದ ಮಗು ಬಡತನದ ಮನೆಯಲ್ಲಿ ಬೆಳೆದಿರಬಹುದು, ಆ ಬಡತನವೇ ಮುಂದೆ ಕಾಯಿಲೆಗೂ ದಾರಿ ಮಾಡಿರಬಹುದು. ದಸರಾ ಬಂದಾಗ ಮೈಸೂರಲ್ಲಿ ಹೋಟೆಲ್ ರೂಮಿನ ಬಾಡಿಗೆಯೂ ಏರುತ್ತದೆ, ಟ್ರಾಫಿಕ್ಕೂ ಏರುತ್ತದೆ. ರೂಮಿನ ಬಾಡಿಗೆಯಿಂದ ಟ್ರಾಫಿಕ್ ಜಾಮ್ ಆಯಿತು ಅಂತ ಯಾರೂ ಹೇಳಲ್ಲ. ಎರಡಕ್ಕೂ ಹಿಂದೆ ಮೂರನೆಯದೊಂದಿದೆ. ಅದನ್ನು ಬೇರ್ಪಡಿಸಿ ನೋಡುವುದರಲ್ಲೇ ವೈದ್ಯ ಸಂಶೋಧಕರ ಅರ್ಧ ಆಯುಷ್ಯ ಕಳೆಯುತ್ತದೆ. ಹಾಗೆಯೇ, ಸಿಕ್ಕ 517 ಜನ ಊರು ಬಿಡದೆ ಉಳಿದವರು, ಬದುಕಿದ್ದವರು. ತೀರಿಕೊಂಡವರು, ಬೆಂಗಳೂರಿಗೋ ಬೊಂಬಾಯಿಗೋ ಹೋದವರು ಲೆಕ್ಕದಲ್ಲಿಲ್ಲ.

ಇದೇ ರಿಜಿಸ್ಟರಿನಿಂದ 506 ಜನರ ಸಕ್ಕರೆ ಕಾಯಿಲೆಯನ್ನೂ ನೋಡಿದರು, 1998ರಲ್ಲಿ ಅದು ಪ್ರಕಟವಾಯಿತು. ಕಡಿಮೆ ತೂಕದಲ್ಲಿ ಹುಟ್ಟಿದವರಿಗೆ ಸಕ್ಕರೆ ಕಾಯಿಲೆ ಹೆಚ್ಚು ಅಂತ ಇಂಗ್ಲೆಂಡಿನಲ್ಲಿ ಕಂಡಿತ್ತು. ಮೈಸೂರಿನಲ್ಲಿ ಕಂಡದ್ದು ಬೇರೆ. ಉದ್ದ ಕಡಿಮೆ ಇದ್ದು, ಆ ಉದ್ದಕ್ಕೆ ತೂಕ ಜಾಸ್ತಿ ಇದ್ದ ಮಕ್ಕಳಲ್ಲಿ, ಮತ್ತು ತಾಯಿ ಹೆಚ್ಚು ತೂಕ ಇದ್ದಲ್ಲಿ, ಮುಂದೆ ಕಾಯಿಲೆ ಹೆಚ್ಚಿತ್ತು. ಬೇರೆ ದೇಶದಲ್ಲಿ ಕೇಳಿ ಮುಗಿಸಿದ ಪ್ರಶ್ನೆಯನ್ನು ಇಲ್ಲಿ ಮತ್ತೆ ಯಾಕೆ ಕೇಳಬೇಕು ಅನ್ನುವವರಿಗೆ ನಾನು ಇದನ್ನೇ ತೋರಿಸುತ್ತೇನೆ.

‘ಚ’ ಎಷ್ಟು, ‘ವಾ’ ಎಷ್ಟು

ರೂಂಮೇಟಿನ ಕಥೆ. ಸಾಹಿತ್ಯದಲ್ಲಿ ಪ್ರಶ್ನೆ ಅಂದರೆ ‘ಈ ಕವಿಯ ಕೃತಿಗಳಲ್ಲಿ ಮಾನವೀಯ ಮೌಲ್ಯಗಳು’ ಅಂತ ಬರೆದುಕೊಂಡು ಬರುವವರೇ ಜಾಸ್ತಿ. ಇಲ್ಲ ಅಂತ ಉತ್ತರ ಬರುವ ಸಾಧ್ಯತೆ ಇದೆಯಾ? ಇಲ್ಲ. ಹಾಗಾದರೆ ಅದು ಪ್ರಶ್ನೆಯಲ್ಲ, ಹಾರೈಕೆ.

ನಿಜವಾದ ಪ್ರಶ್ನೆ ಹೇಗಿರುತ್ತದೆ ನೋಡಿ. 1905ರಲ್ಲಿ ಮೈಸೂರಿನ ಓರಿಯೆಂಟಲ್ ಲೈಬ್ರರಿಗೆ ತಂಜಾವೂರು ಕಡೆಯ ಪಂಡಿತರೊಬ್ಬರು ಒಂದು ತಾಳೆಗರಿ ಕಟ್ಟು ಕೊಟ್ಟರು. ಗ್ರಂಥಪಾಲಕರಾಗಿದ್ದ ಆರ್. ಶಾಮಾಶಾಸ್ತ್ರಿಗಳು ಓದಿ ನೋಡಿದರೆ, ಹೆಸರು ಮಾತ್ರ ಕೇಳಿ ಗೊತ್ತಿದ್ದ ಕೌಟಿಲ್ಯನ ಅರ್ಥಶಾಸ್ತ್ರ. 1909ರಲ್ಲಿ ಅಚ್ಚು ಹಾಕಿಸಿದರು. ಆಮೇಲೆ ವಿದ್ವಾಂಸರ ಜಗಳ ಶುರುವಾಯಿತು. ಇದನ್ನು ಬರೆದದ್ದು ಒಬ್ಬನೇ, ಹಲವರೇ?

ವಾದ ಮಾಡುತ್ತಾ ಕೂತರೆ ಮುಗಿಯುವ ಮಾತಲ್ಲ. ಥಾಮಸ್ ಟ್ರೌಟ್‌ಮನ್ ಅನ್ನುವ ಅಮೆರಿಕದ ಇತಿಹಾಸಕಾರರು ಪದಗಳನ್ನು ಎಣಿಸಿದರು. ಅದೂ ದೊಡ್ಡ ಪದಗಳಲ್ಲ. ಸಂಸ್ಕೃತದಲ್ಲಿ ‘ಮತ್ತು’ ಅನ್ನುವ ಅರ್ಥದ ‘ಚ’, ‘ಅಥವಾ’ ಅನ್ನುವ ಅರ್ಥದ ‘ವಾ’, ಇಂಥವು. ದೊಡ್ಡ ಪದ ವಿಷಯಕ್ಕೆ ತಕ್ಕಂತೆ ಬರುತ್ತದೆ. ಚಿಕ್ಕ ಪದ ಬರೆಯುವವನ ಕೈಯ ಚಾಳಿ, ಅವನಿಗೂ ಗೊತ್ತಿಲ್ಲದೆ ಬೀಳುತ್ತಿರುತ್ತದೆ. ನಮ್ಮಲ್ಲೂ ಒಬ್ಬರು ಮಾತಿಗೊಂದು ‘ಆಮೇಲೆ’ ಅನ್ನುತ್ತಾರೆ, ಇನ್ನೊಬ್ಬರು ‘ಅಂದ್ರೆ’ ಅನ್ನುತ್ತಾರಲ್ಲ. ಗ್ರಂಥದ ಬೇರೆಬೇರೆ ಭಾಗಗಳಲ್ಲಿ ಈ ಎಣಿಕೆ ಹೊಂದಲಿಲ್ಲ. 1971ರಲ್ಲಿ ಅವರು ಕೊಟ್ಟ ತೀರ್ಮಾನ, ಒಬ್ಬರಿಗಿಂತ ಹೆಚ್ಚು ಜನರ ಕೈ ಇದೆ ಅಂತ. ಒಪ್ಪದವರೂ ಇದ್ದಾರೆ. ಆದರೆ ಒಪ್ಪದವರು ಈಗ ಎಣಿಕೆಗೆ ಉತ್ತರ ಕೊಡಬೇಕು.

ಓಟು ಹಾಗೆ ಯಾಕೆ ಬಿತ್ತು?

ಮಂಡ್ಯದಲ್ಲಿ ಟೀ ಅಂಗಡಿಗೊಬ್ಬ ರಾಜ್ಯಶಾಸ್ತ್ರಜ್ಞ ಸಿಗುತ್ತಾನೆ. 2018ರ ವಿಧಾನಸಭಾ ಚುನಾವಣೆಯಲ್ಲಿ ಜಿಲ್ಲೆಯ ಏಳಕ್ಕೆ ಏಳೂ ಕ್ಷೇತ್ರ ಜೆಡಿಎಸ್ ಗೆದ್ದಿತ್ತು. ಒಂದೇ ವರ್ಷಕ್ಕೆ, 2019ರ ಲೋಕಸಭೆಯಲ್ಲಿ, ಬಿಜೆಪಿ ಬೆಂಬಲದ ಪಕ್ಷೇತರ ಅಭ್ಯರ್ಥಿ ಸುಮಲತಾ ಅಂಬರೀಶ್ ಅವರು ಜೆಡಿಎಸ್–ಕಾಂಗ್ರೆಸ್ ಮೈತ್ರಿಯ ನಿಖಿಲ್ ಕುಮಾರಸ್ವಾಮಿ ಅವರನ್ನು 1.25 ಲಕ್ಷಕ್ಕೂ ಹೆಚ್ಚು ಮತಗಳಿಂದ ಸೋಲಿಸಿದರು. ಯಾಕೆ ಅಂತ ಕೇಳಿದರೆ ಹತ್ತು ಜನ ಹತ್ತು ಕಾರಣ ಕೊಡುತ್ತಾರೆ.

ಇಲ್ಲಿ ಕಷ್ಟ ಇರುವುದು ಬೇರೆ ಕಡೆ. ಬೂತ್‌ವಾರು ಲೆಕ್ಕ ಸಿಗುತ್ತದೆ, ಆದರೆ ಬೂತು ಓಟು ಹಾಕುವುದಿಲ್ಲ, ಮನುಷ್ಯರು ಹಾಕುತ್ತಾರೆ. ಹೆಂಗಸರು ಹೆಚ್ಚಿರುವ ಬೂತಿನಲ್ಲಿ ಒಬ್ಬ ಅಭ್ಯರ್ಥಿಗೆ ಹೆಚ್ಚು ಓಟು ಬಿದ್ದರೆ, ಹೆಂಗಸರೇ ಹಾಕಿದರು ಅನ್ನುವ ಹಾಗಿಲ್ಲ. ಆ ಬೂತಿನ ಗಂಡಸರೇ ಒಗ್ಗಟ್ಟಾಗಿ ಹಾಕಿರಬಹುದು. ಹೋಗಿ ಕೇಳೋಣ ಅಂದರೆ, ಚುನಾವಣೆ ಮುಗಿದ ಮೇಲೆ ಗೆದ್ದವರಿಗೇ ಹಾಕಿದೆ ಅನ್ನುವವರು ಹೆಚ್ಚಾಗುತ್ತಾರೆ. ಹಾಗಾಗಿ ಜಾಣ ವಿದ್ಯಾರ್ಥಿ ‘ಮಂಡ್ಯ ಜನ ಯಾಕೆ ಹಾಗೆ ಮಾಡಿದರು’ ಅಂತ ಕೇಳಲ್ಲ. ‘ಎರಡೂ ಚುನಾವಣೆಯಲ್ಲಿ ಓಟು ಹಾಕಿದವರಲ್ಲಿ ಎಷ್ಟು ಜನ ಪಕ್ಷ ಬದಲಿಸಿದರು, ತಾವೇ ಕೊಡುವ ಕಾರಣ ಏನು’ ಅಂತ ಕೇಳುತ್ತಾಳೆ. ಪ್ರಶ್ನೆ ಸಣ್ಣದಾಯಿತು, ಕೈಗೆ ಎಟುಕುವಂತಾಯಿತು.

ಮುದ್ದೆಯ ಗಂಟು

ಎಷ್ಟು ಜನರನ್ನು ಕೇಳಬೇಕು? ನನ್ನ ಅಂಗಡಿಗೆ ಬರುವ ಪ್ರಾಜೆಕ್ಟುಗಳಲ್ಲಿ ಬಹುಪಾಲು ‘100 ಜನ ಪ್ರತಿಸ್ಪಂದಕರು’ ಅಂತಲೇ ಇರುತ್ತದೆ. ನೂರು ದುಂಡಾಗಿದೆ, ಶೇಕಡಾ ಲೆಕ್ಕ ಹಾಕುವುದಕ್ಕೆ ಸುಲಭ, ಬೇರೆ ಕಾರಣ ನನಗೆ ಕಂಡಿಲ್ಲ. ಅದರಲ್ಲಿ ಎಷ್ಟೋ ಜನ ಕ್ಲಾಸಿನ ಸ್ನೇಹಿತರು. ಸ್ನೇಹಿತರಿಗೆ ಫಾರ್ಮ್ ಕಳಿಸಿ ‘ಮೈಸೂರಿನ ಗ್ರಾಹಕರ ಅಭಿಪ್ರಾಯ’ ಅಂತ ಬರೆಯುತ್ತಾರೆ.

ಅನ್ನ ಬೆಂದಿದೆಯಾ ಅಂತ ನೋಡುವುದಕ್ಕೆ ಒಂದಗುಳು ಸಾಕು ಅನ್ನುತ್ತೇವೆ. ನಿಜ, ಪಾತ್ರೆಯಲ್ಲಿ ಎಲ್ಲ ಅಗುಳೂ ಒಂದೇ ಥರ ಬೇಯುತ್ತಿದ್ದರೆ. ಸಮಾಜ ಅನ್ನದ ಪಾತ್ರೆಗಿಂತ ರಾಗಿ ಮುದ್ದೆಗೆ ಹತ್ತಿರ. ಮೇಲಿಂದ ನುಣ್ಣಗೆ ಕಾಣುತ್ತದೆ, ಗಂಟು ಒಳಗಿರುತ್ತದೆ. ಒಂದೇ ಕಡೆ ಮುರಿದು ನೋಡಿದರೆ ಗೊತ್ತಾಗಲ್ಲ, ನಾಲ್ಕು ಕಡೆ ಮುರಿಯಬೇಕು. ಸ್ಯಾಂಪಲ್ ಅಂದರೆ ಹೀಗೆ ಮುರಿದು ನೋಡುವ ತುತ್ತು. ಎಷ್ಟು ದೊಡ್ಡ ತುತ್ತು ಅನ್ನುವುದಕ್ಕಿಂತ ಎಲ್ಲೆಲ್ಲಿಂದ ಮುರಿದಿರಿ ಅನ್ನುವುದು ಮುಖ್ಯ. ಬರೀ ಆಲೆಮನೆ ಬಾಗಿಲಲ್ಲಿ ನಿಂತು ರೈತರನ್ನು ಕೇಳಿದರೆ ಆಲೆಮನೆ ಒಳ್ಳೆಯದು ಅಂತಲೇ ಉತ್ತರ ಬರುತ್ತದೆ. ಕಾರ್ಖಾನೆಗೆ ಹಾಕುವವರು ಅಲ್ಲಿಗೆ ಬರುವುದೇ ಇಲ್ಲವಲ್ಲ.

ಎಷ್ಟು ಕಾಪಿ ಹೊಡೆದರೆ ನಡೆಯುತ್ತೆ?

ಇದು ಅಂಗಡಿಯಲ್ಲಿ ದಿನಾ ಕೇಳುವ ಪ್ರಶ್ನೆ. ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡುವ ಯುಜಿಸಿಯ 2018ರ ನಿಯಮದ ಪ್ರಕಾರ ಪ್ರಬಂಧದ ಬರಹ ಬೇರೆ ಬರಹಗಳ ಜೊತೆ ಶೇ 10ರವರೆಗೆ ಹೋಲಿದರೆ ದಂಡನೆ ಇಲ್ಲ. 10 ದಾಟಿ 40ರವರೆಗೆ ಇದ್ದರೆ ಆರು ತಿಂಗಳೊಳಗೆ ತಿದ್ದಿ ಕೊಡಬೇಕು. 40 ದಾಟಿ 60ರವರೆಗೆ ಇದ್ದರೆ ಒಂದು ವರ್ಷ ಸಲ್ಲಿಸುವ ಹಾಗಿಲ್ಲ. 60 ದಾಟಿದರೆ ನೋಂದಣಿಯೇ ರದ್ದು. ಸಾಫ್ಟ್‌ವೇರ್ ಹಿಡಿಯುವುದು ಹೋಲಿಕೆಯನ್ನು ಮಾತ್ರ. ಪದ ಬದಲಿಸಿ ಇನ್ನೊಬ್ಬರ ಯೋಚನೆ ಕದ್ದರೆ ಅದಕ್ಕೆ ಗೊತ್ತಾಗದೇ ಹೋಗಬಹುದು, ವೈವಾದಲ್ಲಿ, ಅಂದರೆ ಬಾಯಿಮಾತಿನ ಪರೀಕ್ಷೆಯಲ್ಲಿ, ಎದುರು ಕೂತವರಿಗೆ ಗೊತ್ತಾಗುತ್ತದೆ. ಎಐ ಬರೆದುಕೊಟ್ಟದ್ದಕ್ಕೂ ಅದೇ ಗತಿ. ಅದನ್ನು ಹೀಗೇ ಯಾಕೆ ಕೇಳಿದಿರಿ ಅಂದರೆ ಹುಡುಗರು ಮೇಲೆ ಫ್ಯಾನ್ ನೋಡುತ್ತಾರೆ.

ಮತ್ತೆ ಬೆಲ್ಲಕ್ಕೆ

ಅವತ್ತು ರಾತ್ರಿಯೇ ಅವಳು ಶೀರ್ಷಿಕೆ ಬದಲಿಸಿದಳು. ‘ಕಾರ್ಖಾನೆಯೋ ಆಲೆಮನೆಯೋ: ಮಂಡ್ಯ ತಾಲ್ಲೂಕಿನ ಕಬ್ಬು ಬೆಳೆಗಾರರ ಆಯ್ಕೆಯಲ್ಲಿ ಕೈದುಡ್ಡಿನ ಪಾತ್ರ’. ಎರಡು ಊರು ಆರಿಸಿಕೊಂಡಳು. ಹಾಲಿನ ಬಟವಾಡೆ ಇರುವ ಮನೆ, ಇಲ್ಲದ ಮನೆ ಅಂತ ಪಟ್ಟಿ ಮಾಡಿದಳು. ಗೈಡ್ ಒಪ್ಪಿದರು. ನಾನೇ ಫಾರ್ಮ್ ಟೈಪ್ ಮಾಡಿ ಅರವತ್ತು ಜೆರಾಕ್ಸ್ ಹಾಕಿಕೊಟ್ಟೆ. ಕಾರಣ ಅನ್ನುವ ಕಡೆ ನಾಲ್ಕು ಚೌಕ: ರೇಟು, ಕಟಾವಿನ ಸರದಿ, ಬೇಗ ಹಣ, ದೂರ.

ಮೊನ್ನೆ ಊರಿಂದ ಫೋನ್ ಮಾಡಿದ್ದಳು. ಹಿಂದೆ ಕೊಪ್ಪರಿಗೆಗೆ ಉರಿ ಹಾಕುವ ಗಲಾಟೆ ಕೇಳಿಸುತ್ತಿತ್ತು.

‘ಮಾಮ, ಮೊದಲನೇ ಯಜಮಾನ್ರೇ ನಾಲ್ಕೂ ಅಲ್ಲ ಅಂದ್ಬಿಟ್ರು. ಕಬ್ಬು ಕಡಿಯೋಕೆ ಆಳು ಸಿಗಲ್ವಂತೆ, ಆಲೆಮನೆಯವ್ರೇ ಆಳು ಕರ್ಕೊಂಡು ಬರ್ತಾರಂತೆ. ನಮ್ಮ ಫಾರ್ಮಲ್ಲಿ ಆ ಚೌಕನೇ ಇಲ್ವಲ್ಲ!’

‘ಮಾರ್ಜಿನ್ನಲ್ಲಿ ಪೆನ್ನಲ್ಲಿ ಬರ್ಕೊ’ ಅಂದೆ. ‘ಮಿಕ್ಕಿದ ಫಾರ್ಮು ತುಂಬಿಸ್ಬೇಡ, ಹೊಸದಾಗಿ ಟೈಪ್ ಮಾಡ್ಕೊಡ್ತೀನಿ.’